ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ

ಜೂನ್ ತಿಂಗಳ ನಡುವೆ ಮಹಾರಾಷ್ಟ್ರದ ಶಾಲೆಗಳು ತೆರೆಯುತ್ತವೆ. ಸಾಂಗಲಿ, ಮಿರಜ, ಜತ್ತ ಭಾಗದ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಆ ದಿನಗಳಂದು ಪಠ್ಯಪುಸ್ತಕಕ್ಕಿಂತ ಮೊದಲು ತೆರೆಯುವುದು ಜನರಲ್ ರಜಿಸ್ಟರ್. ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಹುಟ್ಟಿದ ದಿನಾಂಕ, ಮಾತೃಭಾಷೆ ಎಲ್ಲವೂ ಅಲ್ಲಿ ದಾಖಲಾಗುತ್ತವೆ. ಅಲ್ಲಿ ಬರೆದ ಅಕ್ಷರವೇ ಮುಂದೆ ಶಾಲೆ ಬಿಟ್ಟ ದಾಖಲೆಗೂ, ಹತ್ತನೆಯ ಇಯತ್ತೆಯ ಗುಣಪತ್ರಿಕೆಗೂ, ವಿದ್ಯಾರ್ಥಿವೇತನದ ಅರ್ಜಿಗೂ ಆಧಾರವಾಗುತ್ತದೆ.

ಇಂದು ಆ ರಜಿಸ್ಟರಿನ ವಿವರಗಳು ಗಣಕಯಂತ್ರವನ್ನೂ ಸೇರುತ್ತವೆ. ಕೇಂದ್ರದ ‘ಯು-ಡೈಸ್ ಪ್ಲಸ್’ ವ್ಯವಸ್ಥೆಗೆ ಶಾಲೆಗಳು ಮಾಹಿತಿ ತುಂಬಬೇಕು. ಅಲ್ಲಿನ ದತ್ತಸಂಚಯದ ಒಳಗೆ ಕೈಹಾಕುವ ಅಧಿಕಾರ ಶಾಲೆಗಿಲ್ಲ. ತೆರೆಯ ಮೇಲಿನ ನಮೂನೆಯನ್ನು ತುಂಬುವುದಷ್ಟೇ ಅದರ ಕೆಲಸ. ಆದರೆ ತನ್ನದೇ ಆದ ಚಿಕ್ಕ ದತ್ತಸಂಚಯವನ್ನು ಇಟ್ಟುಕೊಂಡ ಸಂಸ್ಥೆಯು ಮೊದಲು ತನ್ನ ಮನೆಯಲ್ಲಿಯೇ ತಪ್ಪು ಹುಡುಕಿ ತಿದ್ದಿ, ಬಳಿಕ ಸರ್ಕಾರಕ್ಕೆ ಕಳುಹಿಸಬಹುದು. ಅದಕ್ಕೆ ಬೇಕಾದ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ.

ಈ ವಿದ್ಯೆಯ ಮೂಲಪುರುಷ ಎಡ್ಗರ್ ಕಾಡ್. ಐಬಿಎಂ ಸಂಸ್ಥೆಯಲ್ಲಿದ್ದ ಈ ಆಂಗ್ಲ ಗಣಿತಜ್ಞರು 1970ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಎಲ್ಲ ಮಾಹಿತಿಯನ್ನೂ ಸರಳ ಕೋಷ್ಟಕಗಳಲ್ಲಿ ಇಡಬೇಕೆಂದು ಸೂಚಿಸಿದರು. ಪ್ರತಿ ಸಾಲಿಗೂ ಅದನ್ನು ಗುರುತಿಸುವ ಒಂದು ಕೀಲಿ ಇರಬೇಕು. ಒಂದು ಕೋಷ್ಟಕ ಇನ್ನೊಂದನ್ನು ಆ ಕೀಲಿಯ ಮೂಲಕವೇ ಹೆಸರಿಸಬೇಕು. ಮುನ್ನೂರು ಮಕ್ಕಳ ಸಾಲುಗಳಲ್ಲಿಯೂ ಊರಿನ ಹೆಸರನ್ನು ಮುನ್ನೂರು ಬಾರಿ ಬರೆಯುವ ಬದಲು ಊರುಗಳ ಕೋಷ್ಟಕವನ್ನು ಬೇರೆ ಮಾಡಿ, ಮಗುವಿನ ಸಾಲಿನಲ್ಲಿ ಊರಿನ ಸಂಖ್ಯೆಯನ್ನಷ್ಟೇ ಇಡುವುದು ಈ ರೀತಿಯ ಬಳಕೆ. ಊರಿನ ಹೆಸರು ತಪ್ಪಿದ್ದರೆ ಒಂದೇ ಕಡೆ ತಿದ್ದಿದರೆ ಸಾಕು. 1974ರಲ್ಲಿ ಐಬಿಎಂನ ಚೇಂಬರ್ಲಿನ್ ಮತ್ತು ಬಾಯ್ಸ್ ಅವರು ಈ ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆಯೊಂದನ್ನು ರೂಪಿಸಿದರು. ಅದೇ ಇಂದಿನ ಎಸ್‌ಕ್ಯೂಎಲ್. ಆ ಭಾಷೆಯನ್ನು ಬಲ್ಲ ಮೈಎಸ್‌ಕ್ಯೂಎಲ್ ಮತ್ತು ಮಾರಿಯಾಡಿಬಿ ತಂತ್ರಾಂಶಗಳ ಹೆಸರಿನಲ್ಲಿ ಅವುಗಳ ಕರ್ತೃ ವಿಡೇನಿಯಸ್ ಅವರ ಇಬ್ಬರು ಹೆಣ್ಣುಮಕ್ಕಳ ಹೆಸರುಗಳು ಸೇರಿಕೊಂಡಿವೆ.

ಇದನ್ನು ನಡೆಸಲು ಬಣ್ಣಬಣ್ಣದ ಗುಂಡಿಗಳ ತೆರೆಯೂ ಉಂಟು, ಕಪ್ಪು ತೆರೆಯ ಮೇಲೆ ಆದೇಶ ಬರೆಯುವ ಕಮಾಂಡ್ ಲೈನ್ ಕೂಡ ಉಂಟು. ಎರಡನೆಯದು ಮೊದಲ ನೋಟಕ್ಕೆ ಒರಟು. ಆದರೆ ನಮೂನೆಯು ಒಮ್ಮೆಗೆ ಒಂದು ಮಗುವನ್ನು ತೋರಿಸಿದರೆ, ಆದೇಶದ ಒಂದು ಸಾಲು ಇಡೀ ಶಾಲೆಯನ್ನು ಪ್ರಶ್ನಿಸುತ್ತದೆ. ಹುಟ್ಟಿದ ದಿನಾಂಕವಿಲ್ಲದ ಮಕ್ಕಳು ಯಾರು? ಒಂದೇ ಹೆಸರು ಎರಡು ಬಾರಿ ಎಲ್ಲಿ ಬಂದಿದೆ? ಉತ್ತರ ಕ್ಷಣದಲ್ಲಿ ಬರುತ್ತದೆ. ಕೊಟ್ಟ ಆದೇಶವನ್ನು ಕಡತದಲ್ಲಿ ಉಳಿಸಿಟ್ಟರೆ ಯಾರು ಏನು ಬದಲಿಸಿದರೆಂಬುದಕ್ಕೆ ಸಾಕ್ಷಿಯೂ ಇರುತ್ತದೆ.

ಉತ್ತರ ಬಂದ ಮೇಲೆಯೇ ವಿವೇಕದ ಕೆಲಸ ಆರಂಭವಾಗುತ್ತದೆ. ಒಂದೇ ತರಗತಿಯಲ್ಲಿ ಇಬ್ಬರು ಲಕ್ಷ್ಮೀಯರು, ಇಬ್ಬರ ತಂದೆಯರೂ ಮಲ್ಲಪ್ಪ, ಅಡ್ಡಹೆಸರೂ ಒಂದೇ ಆಗಿರುವುದು ಈ ಭಾಗದ ಹಳ್ಳಿಗಳಲ್ಲಿ ಅಪರೂಪವಲ್ಲ. ದ್ವಿರುಕ್ತಿಯೆಂದು ಭಾವಿಸಿ ಒಂದು ಸಾಲನ್ನು ಅಳಿಸಿದರೆ ಒಬ್ಬ ಹುಡುಗಿ ದಾಖಲೆಯಿಂದಲೇ ಮಾಯವಾಗುತ್ತಾಳೆ. ಮಹಾರಾಷ್ಟ್ರದಲ್ಲಿ ಶಿಕ್ಷಕರ ಹುದ್ದೆಗಳ ಮಂಜೂರಾತಿ, ಅಂದರೆ ಸಂಚಮಾನ್ಯತೆ, ವಿದ್ಯಾರ್ಥಿಗಳ ಸಂಖ್ಯೆಯನ್ನು ಅವಲಂಬಿಸಿದೆ. ಮಕ್ಕಳ ಸಂಖ್ಯೆ ಅಂಚಿನಲ್ಲಿರುವ ಕನ್ನಡ ಶಾಲೆಗೆ ಒಂದು ಹೆಸರಿನ ನಷ್ಟ ಒಬ್ಬ ಶಿಕ್ಷಕರ ನಷ್ಟವೂ ಆಗಬಹುದು. ಆದ್ದರಿಂದ ಹೆಸರು ಎಂದಿಗೂ ಕೀಲಿಯಾಗಬಾರದು. ರಜಿಸ್ಟರ್ ಕ್ರಮಾಂಕವೇ ಕೀಲಿ.

ಕನ್ನಡ ಶಾಲೆಗೆ ಇನ್ನೊಂದು ವಿಶೇಷ ಸಂಕಟವಿದೆ. ಅದನ್ನು ತಿಳಿಯಲು ಮಿರಜ ಜಂಕ್ಷನ್ನಿನ ಹಳೆಯ ದಿನಗಳನ್ನು ನೆನೆಯಬೇಕು. ಒಂದು ಕಾಲಕ್ಕೆ ಅಲ್ಲಿ ಬ್ರಾಡ್‌ಗೇಜ್, ಮೀಟರ್‌ಗೇಜ್, ನ್ಯಾರೋಗೇಜ್ ಮೂರೂ ಹಳಿಗಳು ಸೇರುತ್ತಿದ್ದವು. ಪುಣೆಯ ಹಳಿಯ ಬಂಡಿ ಬೆಳಗಾವಿಯ ಹಳಿಯ ಮೇಲೆ ಓಡುವಂತಿರಲಿಲ್ಲ. ಸರಕನ್ನು ಇಳಿಸಿ ಮತ್ತೆ ಏರಿಸಬೇಕಾಗಿತ್ತು. ಅಕ್ಷರಗಳಿಗೂ ಇಂಥ ಹಳಿಗಳಿವೆ. ಮೈಎಸ್‌ಕ್ಯೂಎಲ್ ತಂತ್ರಾಂಶದ ರೂಢಿಯ ಅಕ್ಷರಸಂಕೇತ ಬಹುಕಾಲ ‘ಲ್ಯಾಟಿನ್ 1’ ಆಗಿತ್ತು. 2018ರಲ್ಲಿ ಬಂದ 8.0 ಆವೃತ್ತಿಯಲ್ಲಿ ಮಾತ್ರ ಅದು ಜಗತ್ತಿನ ಎಲ್ಲ ಲಿಪಿಗಳನ್ನು ಹೊರಬಲ್ಲ ‘ಯುಟಿಎಫ್8ಎಂಬಿ4’ಗೆ ಬದಲಾಯಿತು. ಹಳೆಯ ಕೋಷ್ಟಕಕ್ಕೆ ಕನ್ನಡ ಹೆಸರನ್ನು ತುಂಬಿದರೆ ತಂತ್ರಾಂಶ ಅದನ್ನು ನಿರಾಕರಿಸುತ್ತದೆ. ಕಟ್ಟುನಿಟ್ಟಿನ ತಪಾಸಣೆ ಇಲ್ಲದಿದ್ದರೆ ಪ್ರತಿ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಇಟ್ಟುಬಿಡುತ್ತದೆ.

ತೆರೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆ ಕಂಡಾಗ ಹೆಸರು ನಿಜವಾಗಿಯೂ ನಾಶವಾಗಿದೆಯೋ, ಕಾಣಿಸುವುದಷ್ಟೇ ಕೆಟ್ಟಿದೆಯೋ ಎಂಬುದನ್ನು ಕಮಾಂಡ್ ಲೈನ್ ತಿಳಿಸಬಲ್ಲದು. ‘ಹೆಕ್ಸ್’ ಎಂಬ ಆದೇಶವು ಒಳಗಿರುವ ಸಂಕೇತಗಳನ್ನು ಬಿಚ್ಚಿ ತೋರಿಸುತ್ತದೆ. ಯುಟಿಎಫ್8ರಲ್ಲಿ ಕನ್ನಡದ ಪ್ರತಿ ಚಿಹ್ನೆಯೂ ‘ಇ0 ಬಿ2’ ಅಥವಾ ‘ಇ0 ಬಿ3’ ಎಂದು ಆರಂಭವಾಗುತ್ತದೆ. ಹಾಗೆ ಕಂಡರೆ ಹೆಸರು ಕ್ಷೇಮ. ತೆರೆಯ ಅಕ್ಷರಸಂಕೇತವನ್ನು ಸರಿಪಡಿಸಿದರೆ ಸಾಕು. ಬರಿಯ ‘3ಎಫ್’ಗಳ ಸಾಲು ಕಂಡರೆ ಅಲ್ಲಿ ಉಳಿದಿರುವುದು ಪ್ರಶ್ನಾರ್ಥಕ ಚಿಹ್ನೆಯೇ. ಅದನ್ನು ಯಾವ ಆದೇಶವೂ ಮರಳಿಸಲಾರದು. ಕಾಗದದ ರಜಿಸ್ಟರನ್ನೇ ಮತ್ತೆ ತೆರೆಯಬೇಕು.

ಸ್ಥಳದ ಅಳತೆಯಲ್ಲಿಯೂ ಇಂಥದೇ ಎಡವಟ್ಟು ಇದೆ. ಬಾಯಿಗೆ ‘ಲಕ್ಷ್ಮೀ’ ಎರಡೇ ಅಕ್ಷರ. ಗಣಕಕ್ಕೆ ಅದು ಲಕಾರ, ಕಕಾರ, ವಿರಾಮ, ಷಕಾರ, ವಿರಾಮ, ಮಕಾರ, ದೀರ್ಘ ಎಂದು ಏಳು ಚಿಹ್ನೆ. ಒಂದೊಂದಕ್ಕೆ ಮೂರರಂತೆ 21 ಬೈಟ್. ಇಂಗ್ಲಿಷ್ ಹೆಸರನ್ನು ಎಣಿಸಿ ಇಪ್ಪತ್ತು ಚಿಹ್ನೆಗಳ ಅಂಕಣ ಮಾಡಿದವರು ಒತ್ತಕ್ಷರಗಳಿರುವ ಕನ್ನಡ ಹೆಸರನ್ನು ನಡುವೆಯೇ ಕತ್ತರಿಸುವ ಅಪಾಯವಿದೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪಟ್ಟಿಗಳಲ್ಲಿ ಮೇಲೆ ಕನ್ನಡ ಕಂಡರೂ ಒಳಗಿರುವುದು ರೋಮನ್ ಸಂಕೇತ. ಅವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಯೇ ತುಂಬಬೇಕು.

ಆದೇಶದ ಶಕ್ತಿಯೇ ಅದರ ಅಪಾಯವೂ ಹೌದು. ಒಬ್ಬ ವಿದ್ಯಾರ್ಥಿಯ ಅಡ್ಡಹೆಸರು ತಿದ್ದಲು ‘ಅಪ್‌ಡೇಟ್’ ಬರೆದು, ಯಾವ ಸಾಲೆಂದು ಹೇಳುವ ‘ವೇರ್’ ಮರೆತರೆ ಇಡೀ ಶಾಲೆಯ ಮಕ್ಕಳಿಗೆ ಒಂದೇ ಅಡ್ಡಹೆಸರು ಬರುತ್ತದೆ. ಇದನ್ನು ತಡೆಯಲು ಮೈಎಸ್‌ಕ್ಯೂಎಲ್‌ನಲ್ಲಿ ‘ಸೇಫ್ ಅಪ್‌ಡೇಟ್ಸ್’ ಎಂಬ ಕಾವಲು ಇದೆ. ಅದರ ರಚನಕಾರರು ಅದಕ್ಕೆ ‘ಐ ಆ್ಯಮ್ ಎ ಡಮ್ಮಿ’, ಅಂದರೆ ‘ನಾನು ದಡ್ಡ’, ಎಂಬ ಅಡ್ಡಹೆಸರನ್ನೂ ಇಟ್ಟಿದ್ದಾರೆ. ಹಾಗೆ ಒಪ್ಪಿಕೊಂಡು ಒಳಹೊಕ್ಕವರ ಕೈಯಿಂದ ‘ವೇರ್’ ಇಲ್ಲದ ತಿದ್ದುಪಡಿ ನಡೆಯುವುದಿಲ್ಲ. ಜಾಣರೂ ಈ ದಡ್ಡತನವನ್ನು ಒಪ್ಪಿಕೊಳ್ಳುವುದು ಲೇಸು.

ಇನ್ನೊಂದು ಕಾವಲು ವ್ಯವಹಾರದ ರೀತಿ. ‘ಸ್ಟಾರ್ಟ್ ಟ್ರಾನ್ಸ್ಯಾಕ್ಷನ್’ ಎಂದು ಆರಂಭಿಸಿ, ತಿದ್ದಿ, ಎಷ್ಟು ಸಾಲು ಬದಲಾದವೆಂದು ನೋಡಬೇಕು. ಒಂದು ಎಂದು ಬಂದರೆ ‘ಕಮಿಟ್’. ಮುನ್ನೂರು ಎಂದು ಬಂದರೆ ‘ರೋಲ್‌ಬ್ಯಾಕ್’ ಎಂದು ಹಿಂದಕ್ಕೆ ಸರಿಯಬೇಕು. ಕೋಷ್ಟಕವನ್ನೇ ಕಿತ್ತುಹಾಕುವ ‘ಡ್ರಾಪ್’ ಆದೇಶಕ್ಕೆ ಮಾತ್ರ ಮೈಎಸ್‌ಕ್ಯೂಎಲ್‌ನಲ್ಲಿ ಈ ಹಿಂದಡಿ ಇಲ್ಲ. ಪಟ್ಟಿಯನ್ನು ನೋಡಬೇಕಾದವರಿಗೆ ನೋಡುವ ಅಧಿಕಾರವನ್ನಷ್ಟೇ ಕೊಟ್ಟರೆ ಇಂಥ ಅನಾಹುತಗಳು ಕಡಿಮೆಯಾಗುತ್ತವೆ. ಮಕ್ಕಳ ವಿವರಗಳ ಗೋಪ್ಯವೂ ಉಳಿಯುತ್ತದೆ.

ಕಡೆಗೆ ಉಳಿಯುವ ರಕ್ಷಣೆ ನಕಲು ಪ್ರತಿ. ಕೃಷ್ಣೆಯ ದಡದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 2005, 2019 ಮತ್ತು 2021ರ ಮಹಾಪೂರಗಳನ್ನು ಸಾಂಗಲಿ ಕಂಡಿದೆ. ಅಪಾಯದ ಮಟ್ಟ 45 ಅಡಿ ಇರುವ ಆಯರ್ವಿನ್ ಸೇತುವೆಯ ಬಳಿ 2019ರ ಆಗಸ್ಟ್‌ನಲ್ಲಿ ನೀರು 57 ಅಡಿ ದಾಟಿತ್ತು. ಅಂಥ ನೀರು ಕಪಾಟಿನ ರಜಿಸ್ಟರನ್ನೂ ಮೇಜಿನ ಗಣಕಯಂತ್ರವನ್ನೂ ಬೇರೆಬೇರೆಯಾಗಿ ಕಾಣುವುದಿಲ್ಲ. ‘ಮೈಎಸ್‌ಕ್ಯೂಎಲ್‌ಡಂಪ್’ ಎಂಬ ಒಂದೇ ಆದೇಶ ಇಡೀ ದತ್ತಸಂಚಯವನ್ನು ಒಂದು ಕಡತವಾಗಿ ಬರೆದುಕೊಡುತ್ತದೆ. ಅದನ್ನು ಅದೇ ಕೋಣೆಯ ಪೆನ್‌ಡ್ರೈವಿನಲ್ಲಿ ಇಡುವುದರಿಂದ ಪ್ರಯೋಜನವಿಲ್ಲ. ಮಳೆಯನ್ನೇ ಕಾಯುವ ಜತ್ತದ ಕಡೆಯ ಸೋದರ ಶಾಲೆಯಲ್ಲಿ ಸಾಂಗಲಿಯ ಪ್ರತಿಯೂ, ಸಾಂಗಲಿಯಲ್ಲಿ ಜತ್ತದ ಪ್ರತಿಯೂ ಗುಪ್ತಪದದ ಬೀಗದೊಡನೆ ಇದ್ದರೆ ಬರವೂ ನೆರೆಯೂ ಪರಸ್ಪರ ಕಾವಲಾಗುತ್ತವೆ.

ಪ್ರತಿ ಇದೆಯೆಂಬ ನಂಬಿಕೆಯೂ ಸಾಲದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಜಾಗತಿಕ ತಂತ್ರಾಂಶ ಸಂಸ್ಥೆಯಲ್ಲಿ ಅಭಿಯಂತರರೊಬ್ಬರು ತಪ್ಪು ಯಂತ್ರದ ಕಮಾಂಡ್ ಲೈನಿನಲ್ಲಿ ಅಳಿಸುವ ಆದೇಶ ಕೊಟ್ಟರು. ನಿತ್ಯದ ನಕಲಿನ ವ್ಯವಸ್ಥೆ ತಂತ್ರಾಂಶದ ಆವೃತ್ತಿ ಹೊಂದದೆ ವಿಫಲವಾಗುತ್ತಿದ್ದುದು ಆಗಲೇ ಬೆಳಕಿಗೆ ಬಂದಿತು. ಆಕಸ್ಮಿಕವಾಗಿ ಆರು ಗಂಟೆ ಮೊದಲು ತೆಗೆದಿದ್ದ ಪ್ರತಿಯೊಂದು ಅವರನ್ನು ಉಳಿಸಿತು. ಮೂರು ತಿಂಗಳಿಗೊಮ್ಮೆ ನಕಲು ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು, ಮಕ್ಕಳ ಸಂಖ್ಯೆಯನ್ನು ರಜಿಸ್ಟರಿನೊಡನೆ ತಾಳೆ ನೋಡುವುದೇ ನಿಜವಾದ ಪರೀಕ್ಷೆ.

ಪಾಲಕರು ಆದೇಶಗಳನ್ನು ಕಲಿಯಬೇಕೆಂದಿಲ್ಲ. ಪ್ರವೇಶದ ದಿನ ಗಣಕದ ಮುದ್ರಿತ ಪ್ರತಿಯನ್ನು ಕೇಳಿ, ಮಗುವಿನ ಹೆಸರನ್ನು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲಿಯೂ ಓದಿ ನೋಡಿದರೆ ಸಾಕು. ಆಧಾರ್ ಚೀಟಿಯಲ್ಲಿ ಲಕ್ಷ್ಮಿಗೆ ‘ಎಕ್ಸ್’ ಇದ್ದು ಶಾಲೆಯಲ್ಲಿ ‘ಕೆ ಎಸ್ ಎಚ್’ ಇದ್ದರೆ ಅದನ್ನು ಒಂದನೆಯ ಇಯತ್ತೆಯಲ್ಲಿಯೇ ಹೇಳಬೇಕು. ಹತ್ತನೆಯ ಇಯತ್ತೆಯ ಅರ್ಜಿ ತುಂಬುವ ವೇಳೆಗೆ ಆ ಒಂದು ಅಕ್ಷರಕ್ಕಾಗಿ ಅನೇಕ ಕಚೇರಿಗಳ ಮೆಟ್ಟಿಲು ಹತ್ತಬೇಕಾಗುತ್ತದೆ.