ತೆರೆಯದ ಫೈಲು, ತೆರೆದ ಬಾಗಿಲು

ಇ–ಮೇಲ್‌ನಲ್ಲಿ ಬಂದ ಅರ್ಜಿ ನಮೂನೆಯನ್ನು ಮನೆಯ ಕಂಪ್ಯೂಟರಿನಲ್ಲಿ ತೆರೆಯುತ್ತೀರಿ. ‘ಕನ್ನಡ’ ಎಂದು ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ‘ಪಿ’, ತಲೆಯ ಮೇಲೆ ಗೆರೆ ಹೊತ್ತ ‘ಎ’, ಪಕ್ಕದಲ್ಲಿ ಪೌಂಡ್ ಗುರುತು. ಇಲ್ಲವೇ ಫೈಲು ತೆರೆಯುವುದೇ ಇಲ್ಲ. ‘ಈ ದಾಖಲೆ ಬೇರೆ ಆವೃತ್ತಿಯಲ್ಲಿ ತಯಾರಾಗಿದೆ, ನೋಡಲು ಇಲ್ಲಿ ಒತ್ತಿ’ ಎಂಬ ಸೂಚನೆ ಬರುತ್ತದೆ. ಅರ್ಜಿಯ ಕೊನೆಯ ದಿನ ನಾಳೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಕಂಡ ಗುಂಡಿಯನ್ನೆಲ್ಲ ಒತ್ತುತ್ತಾರೆ. ಕೆಲಸ ಹುಡುಕುತ್ತಿರುವ ನಮ್ಮ ವಯಸ್ಸಿನವರಿಗೆ ಇದು ಸಣ್ಣ ಕಿರಿಕಿರಿಯಂತೆ ಕಾಣುತ್ತದೆ. ಆದರೆ ಅದೇ ಕಂಪ್ಯೂಟರಿನಲ್ಲಿ ಅಪ್ಪನ ಬ್ಯಾಂಕ್ ಖಾತೆ, ಅಕ್ಕನ ಅಂಕಪಟ್ಟಿ, ಮನೆಮಂದಿಯ ಆಧಾರ್ ಪ್ರತಿ ಎಲ್ಲವೂ ಇರುತ್ತವೆ ಎಂಬುದನ್ನು ನೆನಪಿಟ್ಟರೆ ಇದು ಸಣ್ಣ ವಿಷಯವಲ್ಲ.

ನನ್ನ ಅಭಿಪ್ರಾಯ ಇಷ್ಟೇ: ಫೈಲು ತೆರೆಯದಿರುವುದು ಓದುವವರ ತಪ್ಪಲ್ಲ, ಕಳಿಸಿದವರ ತಪ್ಪು. ಆದರೆ ಅದನ್ನು ಹೇಗೆ ತೆರೆಯಬೇಕು ಎಂಬ ಎಚ್ಚರ ಮಾತ್ರ ನಮ್ಮದೇ ಆಗಿರಬೇಕು.

ಯಾಕೆ ತೆರೆಯುವುದಿಲ್ಲ?

ಮೈಕ್ರೊಸಾಫ್ಟ್ ವರ್ಡ್ ಮೊದಲು ಫೈಲುಗಳನ್ನು ‘ಡಾಕ್’ ಎಂಬ ರೂಪದಲ್ಲಿ ಉಳಿಸುತ್ತಿತ್ತು. ಆಫೀಸ್ 2007ರಿಂದ ‘ಡಾಕ್‌ಎಕ್ಸ್’ ಬಂತು. ಇದು ವಾಸ್ತವದಲ್ಲಿ ಒಂದು ಜಿಪ್ ಗಂಟು. ಒಳಗೆ ಪಠ್ಯ, ಚಿತ್ರ, ವಿನ್ಯಾಸ ಬೇರೆಬೇರೆಯಾಗಿ ಕುಳಿತಿರುತ್ತವೆ. ಹಳೆಯ ವರ್ಡ್‌ಗೆ ಈ ಗಂಟು ಬಿಚ್ಚಲು ಬರುವುದಿಲ್ಲ. ಇನ್ನೊಂದು ಕಡೆ ‘ಒಡಿಟಿ’ ಎಂಬ ಮುಕ್ತ ರೂಪವಿದೆ. ಅದು 2006ರಲ್ಲೇ ಅಂತರರಾಷ್ಟ್ರೀಯ ಮಾನಕವಾಯಿತು. ಮೈಕ್ರೊಸಾಫ್ಟಿನ ರೂಪಕ್ಕೆ ಆ ಮಾನ್ಯತೆ ಸಿಕ್ಕಿದ್ದು 2008ರಲ್ಲಿ. ಎರಡು ಮಾನಕ, ಹತ್ತಾರು ಆವೃತ್ತಿ. ನಡುವೆ ಸಿಕ್ಕಿಕೊಂಡವರು ನಾವು.

ಕನ್ನಡದವರಿಗೆ ಇದರ ಜೊತೆ ಇನ್ನೊಂದು ತೊಡಕೂ ಇದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮತ್ತು ಶೇಷಾದ್ರಿವಾಸು ಅವರ ‘ಬರಹ’ ಬಂದಾಗ ಕಂಪ್ಯೂಟರಿನಲ್ಲಿ ಕನ್ನಡ ಕಾಣುವುದೇ ದೊಡ್ಡ ಸಂಗತಿಯಾಗಿತ್ತು. ಆ ಋಣ ದೊಡ್ಡದು. ಆದರೆ ಆ ಕಾಲದ ಅಕ್ಷರ ವಿನ್ಯಾಸಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ್ದವು. ‘ಪಿ’ ಕೀಲಿಯ ಜಾಗದಲ್ಲಿ ‘ಕ’ದ ಕೆಳಭಾಗ, ಪೌಂಡ್ ಗುರುತಿನ ಜಾಗದಲ್ಲಿ ‘ನ’ದ ಭಾಗ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡ, ಇಲ್ಲದ ಕಡೆ ಕಸ. ಯುನಿಕೋಡ್‌ನಲ್ಲಿ ಹಾಗಲ್ಲ, ಅಲ್ಲಿ ‘ಕ’ಕ್ಕೆ ಅದರದೇ ಆದ ಸಂಖ್ಯೆ ಇದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಅದರಲ್ಲಿ ಸೇರಿತ್ತು. ಇವತ್ತು ನಮ್ಮ ಮೊಬೈಲುಗಳಲ್ಲಿ ಕಾಣುವ ಕನ್ನಡವೆಲ್ಲ ಯುನಿಕೋಡೇ. ಆದರೂ ಕಚೇರಿಗಳಿಂದ ಬರುವ ಎಷ್ಟೋ ನಮೂನೆಗಳು ಇನ್ನೂ ಹಳೆಯ ಫಾಂಟಿನಲ್ಲೇ ಇವೆ.

ಇದರಿಂದ ಆಗುವ ನಷ್ಟ ಓದಲಾಗದಿರುವುದು ಮಾತ್ರವಲ್ಲ. ಇಂಥ ಫೈಲಿನಲ್ಲಿ ಕನ್ನಡ ಪದವೊಂದನ್ನು ಎಂದಿನಂತೆ ಟೈಪಿಸಿ ಹುಡುಕಿದರೆ ಸಿಗುವುದಿಲ್ಲ. ದೃಷ್ಟಿ ಇಲ್ಲದ ಗೆಳೆಯರು ಬಳಸುವ, ಪರದೆ ಓದುವ ತಂತ್ರಾಂಶ ಅದನ್ನು ಕನ್ನಡವಾಗಿ ಓದುವುದಿಲ್ಲ. ‘ಪಿ, ಎ, ಪೌಂಡ್’ ಎಂದು ಗೊಣಗುತ್ತದೆ. ಒಂದೇ ಹುದ್ದೆಗೆ ಅರ್ಜಿ ಹಾಕುವ ಇಬ್ಬರಲ್ಲಿ ಒಬ್ಬರಿಗೆ ಅರ್ಜಿಯೇ ಓದಲು ಬಾರದಿದ್ದರೆ ಅದು ಸ್ಪರ್ಧೆ ಹೇಗಾಗುತ್ತದೆ?

ಕಳ್ಳನ ಮುಖವಾಡ

ಈ ಗೊಂದಲವನ್ನು ನಮಗಿಂತ ಚೆನ್ನಾಗಿ ಅರಿತವರು ವಂಚಕರು. ವರ್ಡ್, ಎಕ್ಸೆಲ್ ಫೈಲಿನೊಳಗೆ ‘ಮ್ಯಾಕ್ರೊ’ ಎಂಬ ಪುಟ್ಟ ಪ್ರೋಗ್ರಾಂ ಅಡಗಿರಬಹುದು. ಲೆಕ್ಕ ಮಾಡಲು, ಪಟ್ಟಿ ತುಂಬಲು ಅದು ಉಪಯೋಗಿ. ಅದೇ ಪ್ರೋಗ್ರಾಂ ಇಂಟರ್‌ನೆಟ್‌ನಿಂದ ಮಾಲ್‌ವೇರ್ ಇಳಿಸಿಕೊಳ್ಳಲೂಬಹುದು. 1999ರ ಮಾರ್ಚ್‌ನಲ್ಲಿ ‘ಮೆಲಿಸಾ’ ಎಂಬ ವೈರಸ್ ಒಂದು ವರ್ಡ್ ಫೈಲಿನ ಮೂಲಕ ಜಗತ್ತು ಸುತ್ತಿತು. ಫೈಲು ತೆರೆದವರ ವಿಳಾಸ ಪಟ್ಟಿಯ ಮೊದಲ 50 ಮಂದಿಗೆ ತಾನೇ ಮೇಲ್ ಕಳಿಸಿಕೊಳ್ಳುತ್ತಿತ್ತು. ಅಂದರೆ ಪರಿಚಯದವರಿಂದ ಬಂದ ಫೈಲು ಎಂದ ಮಾತ್ರಕ್ಕೆ ನಂಬುವಂತಿಲ್ಲ ಎಂಬ ಪಾಠ ಅಷ್ಟು ಹಳೆಯದು.

‘ಎಮೊಟೆಟ್’ ಎಂಬ ಮಾಲ್‌ವೇರ್ ಹರಡಿದ ರೀತಿಯನ್ನಂತೂ ನಾವೆಲ್ಲ ತಿಳಿದಿರಬೇಕು. ಅದರ ವರ್ಡ್ ಫೈಲು ತೆರೆದರೆ ಕಾಣುತ್ತಿದ್ದುದು ದಾಖಲೆಯಲ್ಲ, ಒಂದು ಚಿತ್ರ. ‘ಈ ದಾಖಲೆ ಹಳೆಯ ಆವೃತ್ತಿಯಲ್ಲಿ ತಯಾರಾಗಿದೆ, ನೋಡಲು ಎನೇಬಲ್ ಕಂಟೆಂಟ್ ಒತ್ತಿ’ ಎಂಬ ಅರ್ಥದ ಬರಹ ಅದರ ಮೇಲೆ ಇರುತ್ತಿತ್ತು. ಅದು ವರ್ಡ್ ಕೊಟ್ಟ ಸೂಚನೆಯಲ್ಲ, ಕಳ್ಳ ಬರೆದಿಟ್ಟ ಬೋರ್ಡು. ಫೈಲು ಹೊಂದಿಕೆಯಾಗದಿರುವುದು ಜನರಿಗೆ ಎಷ್ಟು ರೂಢಿಯಾಗಿತ್ತೆಂದರೆ ಆ ಸುಳ್ಳು ಸಲೀಸಾಗಿ ನಡೆಯಿತು. 2021ರ ಜನವರಿಯಲ್ಲಿ ಹಲವು ದೇಶಗಳ ಪೊಲೀಸರು ಸೇರಿ ಆ ಜಾಲವನ್ನು ಮುರಿದರು. ಅದೇ ವರ್ಷದ ನವೆಂಬರ್ ಹೊತ್ತಿಗೆ ಅದು ಮತ್ತೆ ತಲೆ ಎತ್ತಿತು.

2022ರಲ್ಲಿ ಮೈಕ್ರೊಸಾಫ್ಟ್, ಇಂಟರ್‌ನೆಟ್‌ನಿಂದ ಬಂದ ಫೈಲುಗಳ ಮ್ಯಾಕ್ರೊಗಳನ್ನು ತಾನಾಗಿಯೇ ತಡೆಯತೊಡಗಿತು. ಒಳ್ಳೆಯದೇ. ಆದರೆ ನಮ್ಮ ಕಡೆ ಇದಕ್ಕೊಂದು ತೂತಿದೆ. ಇಂಟರ್‌ನೆಟ್‌ನಿಂದ ಇಳಿದ ಫೈಲಿಗೆ ವಿಂಡೋಸ್ ಒಂದು ಗುರುತು ಹಚ್ಚಿಡುತ್ತದೆ. ಆ ಗುರುತು ನೋಡಿಯೇ ವರ್ಡ್ ಎಚ್ಚರ ವಹಿಸುವುದು. ಅದೇ ಫೈಲನ್ನು ಸೈಬರ್ ಸೆಂಟರಿನಲ್ಲಿ ಇಳಿಸಿ ಪೆನ್‌ಡ್ರೈವ್‌ನಲ್ಲಿ ಮನೆಗೆ ತಂದರೆ ಆ ಗುರುತು ಸಾಮಾನ್ಯವಾಗಿ ಉಳಿಯುವುದಿಲ್ಲ. ಮಮದಾಪುರದಂಥ ಊರಿನಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಓಡಾಡುವ ನಮ್ಮಂಥವರು ಮಾಡುವುದೇ ಇದನ್ನು. ನೆಟ್ ಚೆನ್ನಾಗಿರುವ ಕಡೆ ಇಳಿಸಿ, ಪೆನ್‌ಡ್ರೈವ್‌ಗೆ ಹಾಕಿಕೊಂಡು, ಮನೆಯಲ್ಲಿ ತೆರೆಯುತ್ತೇವೆ. ‘ಅಣ್ಣಾ, ಫೈಲ್ ಓಪನ್ ಆಗವಲ್ದು’ ಎಂದರೆ ಪಕ್ಕದವರು ಕೊಡುವ ಉತ್ತರವೂ ಸಿದ್ಧ: ‘ಮ್ಯಾಲ ಹಳದಿ ಪಟ್ಟಿ ಕಾಣಸ್ತದಲಾ, ಅದನ್ನ ಒತ್ತು, ಆಗ್ತದ.’

ಆ ಹಳದಿ ಪಟ್ಟಿ ಅಡ್ಡಿಯಲ್ಲ, ಕಾವಲು. ಓದುವುದಕ್ಕಷ್ಟೇ ಆದರೆ ಅದನ್ನು ಒತ್ತುವ ಅಗತ್ಯವೇ ಇಲ್ಲ.

ಕಾಪಿ ಸಾಫ್ಟ್‌ವೇರ್ ಸಾಕಲ್ಲ?

‘ಎಲ್ಲರೂ ಕ್ರ್ಯಾಕ್ ಮಾಡಿದ ಆಫೀಸ್ ಹಾಕಿಕೊಂಡಿದ್ದಾರೆ, ಏನೂ ಆಗಿಲ್ಲ’ ಎನ್ನುವವರಿದ್ದಾರೆ. ದುಡ್ಡಿನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಇಂಥ ಕ್ರ್ಯಾಕ್‌ಗಳು ಸಾಮಾನ್ಯವಾಗಿ ಮೊದಲು ಕೇಳುವುದೇ ಆ್ಯಂಟಿವೈರಸ್ ಆರಿಸಲು. ಮನೆಗೆ ಬಂದವನು ‘ಮೊದಲು ನಾಯಿ ಕಟ್ಟಿಹಾಕಿ, ದೀಪ ಆರಿಸಿ’ ಎಂದರೆ ಯಾರಾದರೂ ಒಳಗೆ ಬಿಡುತ್ತಾರೆಯೇ? ಅಲ್ಲದೆ ಅಪ್‌ಡೇಟ್ ಬಂದರೆ ಕ್ರ್ಯಾಕ್ ಕೆಟ್ಟೀತೆಂಬ ಭಯಕ್ಕೆ ಜನ ಅಪ್‌ಡೇಟನ್ನೇ ನಿಲ್ಲಿಸುತ್ತಾರೆ. 2022ರಲ್ಲಿ ಬಯಲಾದ ‘ಫೊಲಿನಾ’ ಎಂಬ ದೋಷಕ್ಕೆ ಮ್ಯಾಕ್ರೊ ಕೂಡ ಬೇಕಿರಲಿಲ್ಲ. ಫೈಲು ತೆರೆದರೆ ಸಾಕಿತ್ತು. ಅದನ್ನು ಮುಚ್ಚಿದ್ದು ಅಪ್‌ಡೇಟ್ ಮಾತ್ರ. ಆಫೀಸ್ 2007ಕ್ಕೆ 2017ರಲ್ಲಿ, 2010ಕ್ಕೆ 2020ರಲ್ಲಿ ಭದ್ರತಾ ಅಪ್‌ಡೇಟ್ ನಿಂತಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಳ್ಳುವ ವಿದ್ಯಾರ್ಥಿಗಳು ಇದನ್ನು ಮೊದಲು ಕೇಳಿ ತಿಳಿಯಬೇಕು.

ದುಡ್ಡಿಲ್ಲದವರಿಗೆ ಕದಿಯದೆಯೂ ದಾರಿ ಇದೆ. ‘ಲಿಬ್ರೆಆಫೀಸ್’ ಪೂರ್ತಿ ಉಚಿತ. 2010ರಿಂದ ಜಗತ್ತಿನ ಸ್ವಯಂಸೇವಕರು ಕೂಡಿ ಬೆಳೆಸುತ್ತಿರುವ ತಂತ್ರಾಂಶ ಅದು. ಡಾಕ್, ಡಾಕ್‌ಎಕ್ಸ್, ಒಡಿಟಿ ಮೂರನ್ನೂ ತೆರೆಯುತ್ತದೆ. ಕೋಷ್ಟಕ, ಅಂಚು ಸ್ವಲ್ಪ ಅತ್ತಿತ್ತ ಆಗಬಹುದು ಎಂಬುದು ನಿಜ. ಓದಲು, ತುಂಬಲು ಅಷ್ಟು ಸಾಕು. ನೆರೆಯ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲೇ ಕಂಪ್ಯೂಟರ್ ಕಲಿಸುತ್ತಿವೆ. ಆ ಮಕ್ಕಳಿಗೆ ಆಗುವುದು ಬಿಇ ಓದುವ ನಮಗೆ ಆಗದೇನು?

ಸುರಕ್ಷಿತವಾಗಿ ತೆರೆಯುವ ಕ್ರಮ

ಮೊದಲನೆಯದು, ಫೈಲಿನ ಪೂರ್ತಿ ಹೆಸರು ನೋಡಿ. ವಿಂಡೋಸ್ ಸಾಮಾನ್ಯವಾಗಿ ಹೆಸರಿನ ಕೊನೆಯ ತುಂಡನ್ನು ಮರೆಮಾಡುತ್ತದೆ. ಫೋಲ್ಡರಿನ ‘ವ್ಯೂ’ ಪಟ್ಟಿಯಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಆನ್ ಮಾಡಿದರೆ ಅದು ಕಾಣುತ್ತದೆ. 2000ದ ಮೇ ತಿಂಗಳಲ್ಲಿ ಹರಡಿದ ‘ಐ ಲವ್ ಯು’ ವೈರಸ್ ಗೆದ್ದಿದ್ದೇ ಹೀಗೆ, ಪಠ್ಯ ಫೈಲಿನ ವೇಷದಲ್ಲಿ. ಆಫರ್ ಲೆಟರ್ ಎಂದು ಬಂದದ್ದರ ಕೊನೆಗೆ ‘ಇಎಕ್ಸ್‌ಇ’ ಇದ್ದರೆ, ಮೊಬೈಲಿಗೆ ಬಂದದ್ದರ ಕೊನೆಗೆ ‘ಎಪಿಕೆ’ ಇದ್ದರೆ ಅದು ಪತ್ರವೇ ಅಲ್ಲ. ‘ಡಾಕ್‌ಎಂ’ ಎಂದಿದ್ದರೆ ಒಳಗೆ ಮ್ಯಾಕ್ರೊ ಇರಬಹುದೆಂದು ಅರ್ಥ. ಹಳೆಯ ‘ಡಾಕ್’ನಲ್ಲೂ ಮ್ಯಾಕ್ರೊ ಇರಬಹುದು.

ಎರಡನೆಯದು, ಅನುಮಾನವಿದ್ದರೆ ಮನೆಯ ಕಂಪ್ಯೂಟರಿನಲ್ಲಿ ತೆರೆಯಲೇಬೇಡಿ. ಜಿಮೇಲ್‌ನಲ್ಲಿ ಬಂದದ್ದಾದರೆ ಇಳಿಸದೆ ಅಲ್ಲೇ ಮುನ್ನೋಟ ನೋಡಬಹುದು, ಅಥವಾ ಗೂಗಲ್ ಡಾಕ್ಸ್‌ನಲ್ಲಿ ತೆರೆಯಬಹುದು. ಅಲ್ಲಿ ವರ್ಡ್ ಮ್ಯಾಕ್ರೊಗಳು ನಡೆಯುವುದಿಲ್ಲ. ‘ವೈರಸ್‌ಟೋಟಲ್’ ಎಂಬ ತಾಣ ಫೈಲನ್ನು ಹತ್ತಾರು ಆ್ಯಂಟಿವೈರಸ್‌ಗಳಿಂದ ಒಮ್ಮೆಗೇ ಪರೀಕ್ಷಿಸುತ್ತದೆ. ಆದರೆ ಅಲ್ಲಿಗೆ ಹಾಕಿದ ಫೈಲು ಬೇರೆಯವರ ಕೈಗೂ ಸಿಗಬಹುದು. ಆಧಾರ್, ಅಂಕಪಟ್ಟಿ ಇರುವುದನ್ನು ಅಲ್ಲಿ ಹಾಕಬಾರದು.

ಮೂರನೆಯದು, ಕಂಡ ಕಂಡ ‘ಉಚಿತ ಕನ್ವರ್ಟರ್’ ತಾಣಗಳ ಮೊರೆ ಹೋಗಬೇಡಿ. ಇಂಥ ತಾಣಗಳ ಹೆಸರಿನಲ್ಲಿ ಮಾಲ್‌ವೇರ್ ಹಂಚಲಾಗುತ್ತಿದೆ ಎಂದು ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿ 2025ರ ಮಾರ್ಚ್‌ನಲ್ಲಿ ಎಚ್ಚರಿಸಿತ್ತು. ಡಾಕ್‌ಎಕ್ಸ್ ಅನ್ನು ಪಿಡಿಎಫ್ ಮಾಡುವ ಕೆಲಸ ಲಿಬ್ರೆಆಫೀಸ್‌ನಲ್ಲೇ ಆಗುತ್ತದೆ, ನೆಟ್ ಕೂಡ ಬೇಡ.

ನಾಲ್ಕನೆಯದು, ಕನ್ನಡ ಅಕ್ಷರ ಕೆಟ್ಟು ಕಂಡರೆ ಗಾಬರಿ ಬೇಡ. ಅದು ವೈರಸ್ ಅಲ್ಲ, ಫಾಂಟ್ ಇಲ್ಲ ಅಷ್ಟೇ. ನುಡಿಯನ್ನು ಅಧಿಕೃತ ತಾಣದಿಂದಲೇ ಇಳಿಸಿ, ಪಠ್ಯವನ್ನು ಆಯ್ದು ನುಡಿ ಫಾಂಟ್ ಕೊಟ್ಟರೆ ಓದಲು ಬರುತ್ತದೆ. ಆಮೇಲೆ ಆಸ್ಕಿಯಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕ ಬಳಸಿ ಶಾಶ್ವತವಾಗಿ ಸರಿಮಾಡಿಟ್ಟುಕೊಳ್ಳಬಹುದು.

ಐದನೆಯದು, ಮ್ಯಾಕ್ರೊ ಎಲ್ಲ ಕಡೆ ವಿಷವಲ್ಲ. ಆದಾಯ ತೆರಿಗೆ ಇಲಾಖೆಯ ಎಕ್ಸೆಲ್ ನಮೂನೆಗಳು ಮ್ಯಾಕ್ರೊದಿಂದಲೇ ನಡೆಯುವಂಥವು. ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಅಧಿಕೃತ ತಾಣಕ್ಕೆ ನಾನೇ ಹೋಗಿ ತಂದ ಫೈಲೋ, ಕರೆಯದೆ ತಾನೇ ಬಂದ ಫೈಲೋ? ತಾನೇ ಬಂದದ್ದು ‘ಎನೇಬಲ್’ ಕೇಳಿದರೆ ಕಳಿಸಿದವರಿಗೆ ಫೋನ್ ಮಾಡಿ. ಅದೂ ಆ ಮೇಲ್‌ನಲ್ಲಿರುವ ನಂಬರಿಗಲ್ಲ, ಸಂಸ್ಥೆಯ ಅಧಿಕೃತ ತಾಣದಲ್ಲಿರುವ ನಂಬರಿಗೆ.

ಇಷ್ಟಾದರೂ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ನಾಚಿಕೆಯಿಂದ ಮುಚ್ಚಿಟ್ಟಷ್ಟೂ ಹಣ ದೂರ ಹೋಗುತ್ತದೆ.

ಕಚೇರಿಗಳ ಹೊಣೆ

ಇಷ್ಟೆಲ್ಲ ಕಸರತ್ತು ಓದುವವನೇ ಯಾಕೆ ಮಾಡಬೇಕು? ಕಳೆದ ಸೆಮಿಸ್ಟರಿನಲ್ಲಿ ಒಂದು ಸಂಸ್ಥೆ ನಮಗೆ ಕಳಿಸಿದ ಇಂಟರ್ನ್‌ಷಿಪ್ ಅರ್ಜಿ ಒಂದೇ ಪುಟದ್ದು. ಹೆಸರು, ವಿಳಾಸ, ಅಂಕ, ಸಹಿ. ಅದಕ್ಕೆ ಮ್ಯಾಕ್ರೊ ಇರುವ ಫೈಲು! ತುಂಬಲು ‘ಎನೇಬಲ್’ ಒತ್ತಲೇಬೇಕು. ಕೇಳಿದ್ದಕ್ಕೆ ಬಂದ ಉತ್ತರ, ‘ನಮ್ಮಲ್ಲಿ ಚೆನ್ನಾಗಿ ಓಪನ್ ಆಗುತ್ತೆ’. ಹೀಗೆ ಒಳ್ಳೆಯ ಸಂಸ್ಥೆಗಳೇ ವಿದ್ಯಾರ್ಥಿಗಳಿಗೆ ಕೆಟ್ಟ ಅಭ್ಯಾಸ ಕಲಿಸುತ್ತವೆ. ನಾಳೆ ಕಳ್ಳನೂ ಅದನ್ನೇ ಕೇಳಿದಾಗ ಹುಡುಗರಿಗೆ ವ್ಯತ್ಯಾಸ ತಿಳಿಯುವುದು ಹೇಗೆ?

ಇ–ಆಡಳಿತದಲ್ಲಿ ಮುಕ್ತ ಮಾನಕಗಳನ್ನು ಬಳಸುವ ನೀತಿಯನ್ನು ಕೇಂದ್ರ ಸರ್ಕಾರ 2010ರ ನವೆಂಬರ್‌ನಲ್ಲೇ ಪ್ರಕಟಿಸಿದೆ. ಬ್ರಿಟನ್ ಸರ್ಕಾರ 2014ರಲ್ಲಿ, ಓದಲು ಕೊಡುವ ದಾಖಲೆ ಪಿಡಿಎಫ್ ಅಥವಾ ವೆಬ್ ಪುಟವಾಗಿ, ತಿದ್ದಲು ಕೊಡುವುದು ಮುಕ್ತ ರೂಪದಲ್ಲಿ ಇರಬೇಕೆಂದು ನಿರ್ಧರಿಸಿತು. ಇದಕ್ಕೆ ಕೋಟಿಗಟ್ಟಲೆ ಖರ್ಚಿಲ್ಲ. ಸೇವ್ ಮಾಡುವಾಗ ಇನ್ನೊಂದು ರೂಪ ಆರಿಸಿದರಾಯಿತು. ನಮ್ಮ ಕಚೇರಿ, ಕಾಲೇಜು, ಕಂಪನಿಗಳು ಪಾಲಿಸಬೇಕಾದದ್ದು ಮೂರು ಸಾಲು: ನಮೂನೆ ಪಿಡಿಎಫ್‌ನಲ್ಲಿರಲಿ, ಕನ್ನಡ ಯುನಿಕೋಡ್‌ನಲ್ಲಿರಲಿ, ಮ್ಯಾಕ್ರೊ ಇರದಿರಲಿ.

ನಮ್ಮ ಜಿಲ್ಲೆಯ ನೆನಪೊಂದು ಇಲ್ಲಿ ಪ್ರಸ್ತುತ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ತಾಳೆಗರಿ ಕಟ್ಟುಗಳನ್ನು ಕೂಡಿಸಿ, ವಚನಗಳನ್ನು ಅಚ್ಚು ಹಾಕಿಸಿ ಜನರ ಕೈಗಿಟ್ಟರು. ಶತಮಾನಗಳ ಹಿಂದಿನ ಗರಿಯನ್ನೂ ಅವರು ಓದಬಲ್ಲವರಾಗಿದ್ದರು, ಯಾಕೆಂದರೆ ಅಕ್ಷರ ಅಕ್ಷರವಾಗಿಯೇ ಇತ್ತು. ಇಪ್ಪತ್ತು ವರ್ಷದ ಹಿಂದಿನ ಸುತ್ತೋಲೆ ಇವತ್ತು ನಮ್ಮ ಪರದೆಯಲ್ಲಿ ಪೌಂಡ್ ಗುರುತಾಗಿ ಕಂಡರೆ ಮುಂದಿನವರು ಅದನ್ನು ಯಾವ ಗರಿಯಿಂದ ಓದಬೇಕು?

ನಾವು ಕಳಿಸುವುದರಲ್ಲೂ ಇದೇ ಶಿಸ್ತು ಬೇಕು. ರೆಸ್ಯೂಮೆಯನ್ನು ಪಿಡಿಎಫ್ ಮಾಡಿ, ನಿಮ್ಮ ಹೆಸರನ್ನೇ ಫೈಲಿಗೆ ಇಟ್ಟು ಕಳಿಸಿ. ಕನ್ನಡದಲ್ಲಿ ಬರೆದರೆ ಯುನಿಕೋಡ್ ಬಳಸಿ. ಊರಿನಲ್ಲಿ ಕಂಪ್ಯೂಟರ್ ಇರುವ ನಾಲ್ಕು ಮನೆಗಳಿಗೆ ಹೋಗಿ ಲಿಬ್ರೆಆಫೀಸ್ ಹಾಕಿಕೊಟ್ಟು, ಫೈಲಿನ ಪೂರ್ತಿ ಹೆಸರು ಕಾಣುವಂತೆ ಮಾಡಿಕೊಟ್ಟರೆ ಒಂದು ಭಾನುವಾರದ ಕೆಲಸ. ಮತ್ತು ಫೈಲು ತೆರೆಯದಿದ್ದಾಗ ‘ಪಿಡಿಎಫ್ ಕಳಿಸಿ ಸರ್’ ಎಂದು ಕೇಳಲು ಸಂಕೋಚ ಬೇಡ. ಹತ್ತು ಜನ ಕೇಳಿದರೆ ಹನ್ನೊಂದನೆಯ ಅರ್ಜಿ ಸರಿಯಾದ ರೂಪದಲ್ಲಿ ಬರುತ್ತದೆ.