ಕಂದೀಲು ಯಾವಾಗ ಆರಿಸಬೇಕು?

ಮಕ್ಕಳೇ, ನಮ್ಮ ಭಟ್ಕಳದ ಮಾವಿನಕುರ್ವೆ ಬಂದರಿನಲ್ಲಿ ಆಗಸ್ಟ್ ಬಂತೆಂದರೆ ಹಬ್ಬದ ಗದ್ದಲ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟುಗಳು ಮೀನು ಹಿಡಿಯುವಂತಿಲ್ಲ. ಮೀನುಗಳು ಮೊಟ್ಟೆಯಿಡುವ ಕಾಲ ಅದು, ಕಡಲೂ ಕೆರಳಿರುತ್ತದೆ. ಆಗಸ್ಟ್‌ನಲ್ಲಿ ಬಲೆ, ಮಂಜುಗಡ್ಡೆ, ಡೀಸೆಲ್ ಎಂದು ಎಲ್ಲರಿಗೂ ಅವಸರ.

ಎಂಟನೇ ತರಗತಿಯ ನನ್ನ ಮೊಮ್ಮಗಳಿಗೂ ಅವಸರವೇ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅವಳು ಒಂದು ಪ್ರೋಗ್ರಾಮ್ ಬರೆದಿದ್ದಳು. ಅದು ಅಂತರ್ಜಾಲದಿಂದ ಗಾಳಿಯ ವೇಗ, ಅಲೆಯ ಎತ್ತರ, ಮಳೆ ಈ ಮೂರನ್ನು ಕೇಳಿ ತರಬೇಕು. ಮೂರೂ ಕಡಿಮೆ ಇದ್ದರೆ ಹಸಿರು ದೀಪ, ಒಂದು ಹೆಚ್ಚಿದ್ದರೂ ಕೆಂಪು ದೀಪ.

ಬೆಳಿಗ್ಗೆ ಐದಕ್ಕೆ ಅವಳ ಅಪ್ಪ ಹೊರಡುವ ಹೊತ್ತಿಗೆ, "ಅಪ್ಪಾ, ಹಸಿರು ಬಂತು, ಹೋಗಬಹುದು" ಎಂದಳು. ನಾನು ಜಗಲಿಯಲ್ಲಿ ಕೂತಿದ್ದೆ. ಕಡಲು ಮೊರೆಯುವುದು ಕಿವಿಗೆ ಬಡಿಯುತ್ತಿತ್ತು. ಮೊಬೈಲ್ ಇಸಿದುಕೊಂಡು ನೋಡಿದರೆ, ಅಲೆಯ ಎತ್ತರ 0, ಗಾಳಿ 0, ಮಳೆ 0!

"ಮಗಾ, ನಮ್ಮ ಕಡಲಲ್ಲಿ ಅಲೆ ಯಾವತ್ತಾದರೂ ಸೊನ್ನೆ ಆಗಿದ್ದುಂಟಾ?" ಎಂದೆ. ಅವಳ ಮುಖ ಸಣ್ಣಗಾಯಿತು. ಮಗ ಬಲೆ ಕೆಳಗಿಟ್ಟ.

ಆ ದಿನ ಸಂಜೆ ಇಬ್ಬರೂ ಕೂತು ಹುಡುಕಿದೆವು. ಪ್ರೋಗ್ರಾಮ್ ಮೂರು ಪ್ರಶ್ನೆಗಳನ್ನೂ ಸರಿಯಾಗಿಯೇ ಕಳಿಸಿತ್ತು. ಆದರೆ ಉತ್ತರ ಬರುವ ಮೊದಲೇ ಮುಂದಿನ ಸಾಲಿಗೆ ಹಾರಿ ತೀರ್ಪು ಕೊಟ್ಟಿತ್ತು. ಉತ್ತರ ತುಂಬಬೇಕಾದ ಜಾಗದಲ್ಲಿ ಅವಳು ಮೊದಲೇ ಬರೆದಿಟ್ಟ ಸೊನ್ನೆ ಹಾಗೇ ಇತ್ತು.

ಹೀಗೇಕೆ ಹಾರುತ್ತದೆ? ಅವಳು ಬಳಸಿದ್ದು ಜಾವಾಸ್ಕ್ರಿಪ್ಟ್, 1995ರಲ್ಲಿ ಬ್ರೆಂಡನ್ ಐಕ್ ಎಂಬವರು ಮಾಡಿದ ಭಾಷೆ. ಅದು ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತದೆ. ಪ್ರಶ್ನೆ ಕಳಿಸಿ ಅಲ್ಲೇ ನಿಂತುಬಿಟ್ಟರೆ ಪರದೆ ಮರಗಟ್ಟಿ, ಒತ್ತಿದರೂ ಅಲ್ಲಾಡುವುದಿಲ್ಲ. ಅದಕ್ಕೇ ಪ್ರಶ್ನೆಯನ್ನು ಹೊರಗೆ ಕಳಿಸಿ ತಾನು ಬೇರೆ ಕೆಲಸ ನೋಡುತ್ತದೆ. ಅಜ್ಜಿ ಅನ್ನಕ್ಕೆ ಎಸರಿಟ್ಟು ಅದನ್ನೇ ನೋಡುತ್ತ ನಿಲ್ಲದೆ ಕಾಯಿ ತುರಿಯುವುದಿಲ್ಲವೇ, ಹಾಗೆ. ಆದರೆ ಅಜ್ಜಿ ಅನ್ನ ಬೇಯದೆ ಎಲೆ ಹಾಕುವುದಿಲ್ಲ!

ಮೊಮ್ಮಗಳು ಮೊದಲು ಮಾಡಿದ ಉಪಾಯ, "ಐದು ಸೆಕೆಂಡ್ ಕಾದು ಆಮೇಲೆ ತೀರ್ಪು ಕೊಡು." ಎರಡು ದಿನ ಸರಿಹೋಯಿತು. ಮೂರನೆಯ ದಿನ ಮಳೆಗೆ ನೆಟ್‌ವರ್ಕ್ ನಿಧಾನವಾಯಿತು. ಉತ್ತರಕ್ಕೆ ಎಂಟು ಸೆಕೆಂಡ್ ಬೇಕಾಯಿತು, ದೀಪ ಮತ್ತೆ ಹಸಿರು. ಆಗ ಅವಳಿಗೆ ನಾನು ಕಂದೀಲಿನ ಕತೆ ಹೇಳಿದೆ.

ನಾನು ಚಿಕ್ಕವನಿದ್ದಾಗ ದೋಣಿಗಳಿಗೆ ಯಂತ್ರವಿರಲಿಲ್ಲ. ರಾತ್ರಿ ಅಳಿವೆಯ ದಾರಿ ಕಾಣಲೆಂದು ದಡದಲ್ಲಿ ಒಂದು ಕಂದೀಲು ತೂಗುಹಾಕುತ್ತಿದ್ದರು. ಒಮ್ಮೆ ಯಾರೋ "ಇಷ್ಟು ಹೊತ್ತಾಯಿತು, ಎಲ್ಲರೂ ಬಂದಿರುತ್ತಾರೆ" ಎಂದು ಅದನ್ನು ಆರಿಸಿದರು. ನನ್ನ ಅಪ್ಪನ ದೋಣಿ ಇನ್ನೂ ಹೊರಗಿತ್ತು. ಬೆಳಕಿಲ್ಲದೆ ಅಳಿವೆ ಸಿಗದೆ ಅವರು ಬೆಳಗಾಗುವವರೆಗೆ ಕಡಲಲ್ಲೇ ಕಳೆದರು. ಅಮ್ಮ ರಾತ್ರಿಯಿಡೀ ದಡದಲ್ಲೇ ನಿಂತಿದ್ದಳು. ಅವಳ ಸೆರಗು ಹಿಡಿದು ನಾನೂ ನಿಂತಿದ್ದೆ.

ಆಮೇಲೆ ಕೇರಿಯವರು ಒಂದು ಪದ್ಧತಿ ಮಾಡಿದರು. ಹೋಗುವ ಪ್ರತಿ ದೋಣಿಗೂ ಒಂದು ಚಿಪ್ಪು ಕರಟದಲ್ಲಿ ಹಾಕುವುದು, ಬಂದವರು ತಮ್ಮ ಚಿಪ್ಪು ತೆಗೆಯುವುದು. ಕರಟ ಬರಿದಾದರೆ ಮಾತ್ರ ಕಂದೀಲು ಆರಿಸಬೇಕು. ಹೊತ್ತು ಮೀರಿಯೂ ಚಿಪ್ಪು ಉಳಿದರೆ? ಆಗಲೂ ಆರಿಸಕೂಡದು, ಹುಡುಕಲು ಹೊರಡಬೇಕು.

"ಅಜ್ಜಾ, ಇದು ಪ್ರಾಮಿಸ್ ಅಲ್ಲವಾ!" ಎಂದು ಮೊಮ್ಮಗಳು ಕುಣಿದಳು. ಪ್ರಾಮಿಸ್ ಎಂದರೆ ಮಾತು ಕೊಡುವುದು. 2015ರಲ್ಲಿ ಜಾವಾಸ್ಕ್ರಿಪ್ಟಿಗೆ ಸೇರಿದ ಈ ಸೌಕರ್ಯದಲ್ಲಿ, ಕಳಿಸಿದ ಪ್ರತಿ ಪ್ರಶ್ನೆಗೂ "ಉತ್ತರ ಆಮೇಲೆ ಬರುತ್ತದೆ" ಎಂಬ ಒಂದು ಚೀಟಿ ಸಿಗುತ್ತದೆ. ಅದೇ ನಮ್ಮ ಚಿಪ್ಪು. 2017ರಲ್ಲಿ "ಅವೇಯ್ಟ್" ಎಂಬ ಪದ ಬಂತು. ಆ ಸಾಲಿಗೆ ಬಂದಾಗ ಆ ಕೆಲಸ ಮಾತ್ರ ಉತ್ತರಕ್ಕೆ ಕಾಯುತ್ತದೆ, ಪರದೆ ಮರಗಟ್ಟುವುದಿಲ್ಲ. "ಪ್ರಾಮಿಸ್ ಡಾಟ್ ಆಲ್" ಎಂದರೆ ಎಲ್ಲ ಚಿಪ್ಪುಗಳ ಕರಟ.

ಇದರಲ್ಲಿ ಲೆಕ್ಕದ ಲಾಭವೂ ಇದೆ. ಮೂರು ಉತ್ತರಗಳಿಗೆ 2, 3, 4 ಸೆಕೆಂಡ್ ಬೇಕೆನ್ನಿ. ಒಂದು ಬಂದ ಮೇಲೆ ಇನ್ನೊಂದನ್ನು ಕೇಳಿದರೆ 9 ಸೆಕೆಂಡ್. ಮೂರನ್ನೂ ಒಟ್ಟಿಗೆ ಕಳಿಸಿ ಕಾದರೆ 4 ಸೆಕೆಂಡ್ ಸಾಕು. ಮೂರು ದೋಣಿ ಒಟ್ಟಿಗೆ ಹೊರಟರೆ ಕೊನೆಯದು ಬರುವವರೆಗೆ ಕಾದರಾಯಿತಲ್ಲ!

ಒಂದು ಎಚ್ಚರಿಕೆ ಮಾತ್ರ ಬೇಕು. ಉತ್ತರ ಬರಲೇ ಇಲ್ಲವಾದರೆ ಪ್ರಾಮಿಸ್ ತಾನಾಗಿ ಕೈಬಿಡುವುದಿಲ್ಲ, ಕಾಯುತ್ತಲೇ ಇರುತ್ತದೆ. ಗಡುವನ್ನು ನಾವೇ ಹಾಕಬೇಕು. ಮೊಮ್ಮಗಳು 20 ಸೆಕೆಂಡ್ ಹಾಕಿದಳು. ಅಷ್ಟರಲ್ಲಿ ಮೂರೂ ಬರದಿದ್ದರೆ ಹಸಿರೂ ಇಲ್ಲ, ಕೆಂಪೂ ಇಲ್ಲ. ಹಳದಿ ದೀಪ, ಕೆಳಗೆ "ಉತ್ತರ ಬಂದಿಲ್ಲ, ಬಂದರಿನಲ್ಲಿ ಕೇಳಿ" ಎಂಬ ಸಾಲು. ಮೊದಲಿನ ಸೊನ್ನೆಗಳನ್ನೂ ಅಳಿಸಿ ಜಾಗ ಖಾಲಿ ಬಿಟ್ಟಳು.

ಪ್ರದರ್ಶನದಲ್ಲಿ ಅವಳಿಗೆ ಬಹುಮಾನ ಬರಲಿಲ್ಲ. ಆದರೆ ಮೊನ್ನೆ ಬೆಳಿಗ್ಗೆ ಹಳದಿ ದೀಪ ಕಂಡು ಅವಳಪ್ಪ ಬಂದರಿಗೆ ಹೋಗಿ ವಿಚಾರಿಸಿ, ಬಿಸಿಲು ಬಂದ ಮೇಲೆ ಹೊರಟ. ಸಂಜೆ ಬಂಗಡೆಯೊಂದಿಗೆ ಮನೆಗೆ ಬಂದ.

ಈ ವಾರ ನೀವೂ ಒಂದು ಆಟ ಆಡಿ. ಮನೆಯ ಮೂವರಿಗೆ ಒಟ್ಟಿಗೆ ಮೂರು ಕೆಲಸ ಹೇಳಿ, ಮೂರು ಹುಣಸೆ ಬೀಜ ಬಟ್ಟಲಿಗೆ ಹಾಕಿ. ಕೆಲಸ ಮುಗಿಸಿದವರು ಒಂದು ಬೀಜ ತೆಗೆಯಲಿ. ಬಟ್ಟಲು ಬರಿದಾದ ಮೇಲೆಯೇ ಊಟ. ಯಾರಾದರೂ ಬಾರದಿದ್ದರೆ, ಅಜ್ಜ-ಅಜ್ಜಿಯರೇ, ನೀವೇ ಹೋಗಿ ಕರೆತನ್ನಿ.