ಶಿವಾಜಿ ವಿದ್ಯಾಪೀಠದ ಕುಲಗುರುಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

1962ರಲ್ಲಿ ಕೊಲ್ಲಾಪುರದಲ್ಲಿ ಸ್ಥಾಪಿತವಾದ ತಮ್ಮ ವಿದ್ಯಾಪೀಠವು ಸಹ್ಯಾದ್ರಿಯ ನೆತ್ತಿಯಿಂದ ಕರ್ನಾಟಕದ ಗಡಿಯವರೆಗಿನ ಗ್ರಾಮಗಳಿಗೆಲ್ಲ ವಿದ್ಯೆಯ ಆಶ್ರಯವಾಗಿರುವುದರಿಂದ, ಈ ನಾಡಿನ ಪಶುಪಾಲಕರಾದ ಧನಗರರನ್ನು ಕುರಿತ ಸಂಶೋಧನೆಯ ವಿಷಯದಲ್ಲಿ ಬಹುಕಾಲದಿಂದ ನನ್ನ ಮನಸ್ಸಿನಲ್ಲಿ ನೆಲೆಸಿರುವ ವಿಚಾರವೊಂದನ್ನು ತಮ್ಮಲ್ಲಿಯೇ ನಿವೇದಿಸಬೇಕೆನಿಸಿತು.

ಇಚಲಕರಂಜಿಗೆ ಸಮೀಪದ ಪಟ್ಟಣಕೋಡೋಲಿಯಲ್ಲಿ ವಿಠ್ಠಲ-ಬೀರದೇವರ ಜಾತ್ರೆ ನೆರೆದಾಗ, ಮರಾಠಿಯನ್ನಾಡುವ ಧನಗರರೂ ಕನ್ನಡವನ್ನಾಡುವ ಹಾಲುಮತದವರೂ ಒಂದೇ ಭಂಡಾರವನ್ನು ಹಣೆಗೆ ಹಚ್ಚಿಕೊಳ್ಳುವರು. ಇಂತಹ ದೈವಗಳ ಕಥೆಗಳನ್ನೂ ಓವಿಗಳೆಂಬ ಹಾಡುಗಳನ್ನೂ ಹೈಡೆಲ್‌ಬರ್ಗಿನ ವಿದ್ವಾಂಸ ಗುಂಥರ್ ಸೊಂಥೈಮರ್ ಅವರು ಕುರಿಗಾಹಿಗಳ ಬಾಯಿಂದಲೇ ಶ್ರದ್ಧೆಯಿಂದ ಸಂಗ್ರಹಿಸಿದರು. ಅವರ ಮಹಾಗ್ರಂಥವು 1976ರಲ್ಲಿ ಜರ್ಮನ್ ಭಾಷೆಯಲ್ಲಿಯೂ 1989ರಲ್ಲಿ ಇಂಗ್ಲಿಷಿನಲ್ಲಿಯೂ ಪ್ರಕಟವಾಯಿತು. ಆ ಮಹನೀಯರ ಋಣವನ್ನು ನಾವು ತೀರಿಸಲಾರೆವು. ಆದರೆ ಹಾಡಿದವನ ಮನೆಯ ಹೊಸ್ತಿಲಿಗೆ ಆ ಗ್ರಂಥದ ಸಾರವಾದರೂ ಮರಳಿ ಬರಬೇಕಾದುದು ವಿದ್ಯೆಯ ಧರ್ಮವಲ್ಲವೇ?

ಘಟ್ಟದ ಮೇಲಣ ಸ್ಥಿತಿಯು ಇನ್ನೂ ಗಂಭೀರವಾದುದು. ಬಯಲುನಾಡಿನಲ್ಲಿ ಕುರಿಗಳೊಡನೆ ಅಲೆಯುವ ಹಟಕರ ಧನಗರರೂ ಮಳೆಕಾಡಿನ ಬೆಟ್ಟಗಳಲ್ಲಿ ಎಮ್ಮೆಗಳನ್ನು ಸಾಕುವ ಗವಳಿ ಧನಗರರೂ ಪ್ರಕೃತಿಯನ್ನು ಹೇಗೆ ತಮ್ಮೊಳಗೆ ಹಂಚಿಕೊಂಡಿದ್ದಾರೆಂಬುದನ್ನು ಮಾಧವ ಗಾಡ್ಗೀಳ ಮತ್ತು ಕೈಲಾಸ ಮಲ್ಹೋತ್ರಾ ಅವರು 1982ರಲ್ಲಿಯೇ ನಿರೂಪಿಸಿದರು. ರಾಧಾನಗರಿಯ ಸುತ್ತ ಒಂದೆಡೆ ಅಭಯಾರಣ್ಯ, ಇನ್ನೊಂದೆಡೆ ಬಾಕ್ಸೈಟಿನ ಗಣಿ. ನಡುವೆ ಉಳಿದಿರುವ ಧನಗರವಾಡೆಗಳೆಂಬ ಧನಗರರ ಹಟ್ಟಿಗಳ ಜನರಿಗೆ ತಮ್ಮ ಮೇಯುನೆಲದ ಬಗ್ಗೆ ವಿದ್ವಾಂಸರು ಏನನ್ನು ಬರೆದರೆಂಬುದು ಕೇವಲ ಕುತೂಹಲದ ಸಂಗತಿಯಲ್ಲ, ಹಕ್ಕನ್ನು ಕೇಳುವಾಗ ಕೈಯಲ್ಲಿರಬೇಕಾದ ಸಾಕ್ಷ್ಯ. ಪಶ್ಚಿಮಘಟ್ಟಗಳನ್ನು ಕುರಿತು ಇದೇ ಗಾಡ್ಗೀಳರ ಸಮಿತಿಯಿತ್ತ ವರದಿಯು ಗ್ರಾಮಸಭೆಗಳ ಅಭಿಪ್ರಾಯಕ್ಕೆ ಅಷ್ಟೊಂದು ಬೆಲೆಯನ್ನಿತ್ತರೂ, 2011ರ ಆಗಸ್ಟಿನಲ್ಲಿ ಸರಕಾರಕ್ಕೆ ಸಲ್ಲಿಕೆಯಾದ ಅದು ಸಾರ್ವಜನಿಕರ ಕೈಸೇರಿದುದು 2012ರ ಮೇ ತಿಂಗಳಲ್ಲಿ, ಅದೂ ಇಂಗ್ಲಿಷಿನಲ್ಲಿ. ಆ ಭಾಷೆ ತಿಳಿಯದ ಗ್ರಾಮಸಭೆಯು ಯಾವ ಆಧಾರದಿಂದ ವಿಚಾರಮಾಡಬೇಕಿತ್ತು?

ಆದುದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆಯಿಷ್ಟು. ಧನಗರರನ್ನು ಕುರಿತು ಪಿಎಚ್.ಡಿ. ಪದವಿಗಾಗಿ ಪ್ರಬಂಧ ಬರೆಯುವವರು ಅದರ ಸಾರಾಂಶವನ್ನು ಮರಾಠಿಯಲ್ಲಿಯೂ, ಗಡಹಿಂಗ್ಲಜ ತಾಲ್ಲೂಕಿನ ಪೂರ್ವಭಾಗದಂತೆ ಕನ್ನಡವೇ ಮನೆಮಾತಾಗಿರುವ ಊರುಗಳಲ್ಲಿ ಕನ್ನಡದಲ್ಲಿಯೂ ಬರೆದು, ಗ್ರಾಮಸಭೆಯಲ್ಲಿ ಓದಿ ಹೇಳಿ, ಅಲ್ಲಿ ಬಂದ ಆಕ್ಷೇಪಗಳನ್ನು ಪ್ರಬಂಧದೊಡನೆಯೇ ಸಲ್ಲಿಸುವಂತೆ ನಿಯಮವಾಗಲಿ. ಓದುಬರಹ ಬಾರದ ಮುದುಕರೂ ಆಕ್ಷೇಪಿಸಬಲ್ಲರು. ಅವರ ತಿದ್ದುಪಡಿಯಿಂದ ಪಾಂಡಿತ್ಯಕ್ಕೆ ಲಾಭವೇ ಹೊರತು ಕುಂದಿಲ್ಲ. ಹಾಡನ್ನು ಧ್ವನಿಮುದ್ರಿಸುವ ಮುನ್ನ ಹಾಡುಗಾರನ ಒಪ್ಪಿಗೆಯನ್ನು ಪಡೆದು, ಮುದ್ರಿಕೆಯ ಒಂದು ಪ್ರತಿಯನ್ನು ಊರಿನ ಶಾಲೆಯಲ್ಲಿರಿಸಲಿ. ಹಳೆಯ ಪ್ರಬಂಧಗಳಲ್ಲಿ ಧನಗರವಾಡೆಗಳಿಗೆ ಸಂಬಂಧಿಸಿದವುಗಳನ್ನು ಮೊದಲು ಆರಿಸಿ, ಅವುಗಳ ಸಾರಾಂಶದ ಕಾರ್ಯವನ್ನು ಈ ಶೈಕ್ಷಣಿಕ ವರ್ಷದಲ್ಲಿಯೇ ಆರಂಭಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಗಡಿನಾಡಿನ ಒಬ್ಬ ಕನ್ನಡಿಗ